ಮರ ಕಡಿಯುವವರಿಗೆ ಎಂಥ ಹೆಲ್ಮೆಟ್ ಬೇಕು?

ಹೊಸಕೋಟೆ, ದೇವನಹಳ್ಳಿ, ದೊಡ್ಡಬಳ್ಳಾಪುರ, ನೆಲಮಂಗಲ ತಾಲ್ಲೂಕುಗಳ ಜನರಿಗೆ ನೀಲಗಿರಿ ತೋಪುಗಳು ಹೊಸವಲ್ಲ. ನೆರೆಯ ನಂದಿಬೆಟ್ಟದಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲೇ ಈ ಮರ ಬೇರೂರಿತು ಎಂಬ ಮಾತು ಪ್ರಸಿದ್ಧ. ಅಂತರ್ಜಲದ ಚಿಂತೆಯಿಂದ ರಾಜ್ಯ ಸರ್ಕಾರ 2017ರಲ್ಲಿ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಆದರೆ ಇದ್ದ ಮರಗಳನ್ನು ಕಡಿಯುವ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಇದರ ಜತೆಗೆ ತೋಟದ ಸಿಲ್ವರ್ ಓಕ್, ಮನೆಯಂಗಳದ ತೆಂಗು, ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಉರುಳುವ ಮರಗಳು ಬೇರೆ. ಹಿಂದೆ ಕೊಡಲಿ, ಗರಗಸದಿಂದ ಇಡೀ ದಿನ ಹಿಡಿಯುತ್ತಿದ್ದ ಕೆಲಸವನ್ನು ಈಗ ಪೆಟ್ರೋಲ್ ತುಂಬಿದ ಯಂತ್ರಗರಗಸ (ಚೈನ್ ಸಾ) ಕೆಲವೇ ನಿಮಿಷಗಳಲ್ಲಿ ಮುಗಿಸುತ್ತದೆ.

ಯಂತ್ರ ಬಂತು, ಅದರ ಜತೆಗೆ ಬರಬೇಕಾದ ರಕ್ಷಣೆ ಮಾತ್ರ ಬರಲಿಲ್ಲ. ತಲೆಗೆ ಟವೆಲ್ ಸುತ್ತಿಕೊಂಡು, ಬರಿಗಣ್ಣು ಬರಿಗಿವಿಯಲ್ಲಿ ಯಂತ್ರ ಹಿಡಿದು ನಿಂತವರನ್ನು ನೀವೂ ನೋಡಿರಬಹುದು. ಮರ ಕಡಿಯುವವರು ನಿಮ್ಮ ಮನೆಯವರೇ ಆಗಿರಲಿ, ನೀವು ಕೂಲಿ ಕೊಟ್ಟು ಕರೆಸಿದವರಾಗಿರಲಿ, ಅವರ ತಲೆಯ ಮೇಲೆ ಏನಿರಬೇಕೆಂಬುದನ್ನು ತಿಳಿದಿರುವುದು ಒಳ್ಳೆಯದು.

ಅಪಾಯ ಮೂರು ಬಗೆಯದು

ಮೊದಲನೆಯದು ಮೇಲಿನಿಂದ ಬರುವ ಅಪಾಯ. ಮರ ಅಲುಗಿದಾಗ ಒಣಗಿದ ಕೊಂಬೆಗಳು ಮುರಿದು ಬೀಳುತ್ತವೆ. ಬೀಳುವ ಮರ ಪಕ್ಕದ ಮರಕ್ಕೆ ಉಜ್ಜಿ ಅದರ ರೆಂಬೆಗಳನ್ನೂ ಮುರಿಯುತ್ತದೆ. ಮುರಿದ ರೆಂಬೆ ಕೂಡಲೇ ಬೀಳದೆ ಮೇಲೆಯೇ ಸಿಕ್ಕಿಕೊಂಡು, ಎಲ್ಲರೂ ಮರೆತ ಮೇಲೆ ಕೆಳಗೆ ಬರುವುದೂ ಉಂಟು.

ಎರಡನೆಯದು ಸದ್ದು. ಯಂತ್ರಗರಗಸ ಹಿಡಿದವರ ಕಿವಿಗೆ ಬೀಳುವ ಸದ್ದು 100 ಡೆಸಿಬೆಲ್ ಮುಟ್ಟುತ್ತದೆ, ಹಲವು ಬಾರಿ ಅದನ್ನೂ ಮೀರುತ್ತದೆ. ಕಿವಿಗೆ ದಿನಕ್ಕೆ 8 ಗಂಟೆ ಸಹಿಸಬಹುದಾದ ಮಿತಿ 85 ಡೆಸಿಬೆಲ್ ಎಂದು ತಜ್ಞರು ಹೇಳುತ್ತಾರೆ. ಪ್ರತಿ 3 ಡೆಸಿಬೆಲ್ ಏರಿದಂತೆ ಸಹಿಸಬಹುದಾದ ಅವಧಿ ಅರ್ಧಕ್ಕೆ ಇಳಿಯುತ್ತದೆ. ಈ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವ ಅವಧಿ 15 ನಿಮಿಷ ಮಾತ್ರ. ಒಳಗಿವಿಯಲ್ಲಿ ಶಬ್ದವನ್ನು ಗ್ರಹಿಸುವ ಸೂಕ್ಷ್ಮ ರೋಮಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ಸಂಜೆ ಕಿವಿಯಲ್ಲಿ ‘ಗುಂಯ್’ ಎನ್ನುವ ಸದ್ದು ಬಂದರೆ ಅದು ಎಚ್ಚರಿಕೆಯ ಗಂಟೆ ಎಂದು ತಿಳಿಯಿರಿ.

ಮೂರನೆಯದು ಕಣ್ಣಿಗೆ ಹಾರುವ ಚಕ್ಕೆ ಮತ್ತು ಮರದ ಪುಡಿ. ಸಸ್ಯಮೂಲದ ಚೂರು ಕಣ್ಣಿನ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲವನ್ನು ಗೀರಿದರೆ ಅಲ್ಲಿ ಶಿಲೀಂಧ್ರದ ಸೋಂಕು ತಗಲಿ ಹುಣ್ಣಾಗಬಹುದು. ದಕ್ಷಿಣ ಭಾರತದ ರೈತರಲ್ಲಿ ಮತ್ತು ಕೃಷಿ ಕೂಲಿಕಾರರಲ್ಲಿ ದೃಷ್ಟಿ ಕಳೆಯುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಆದ್ದರಿಂದ ಮರ ಕಡಿಯುವವರ ಹೆಲ್ಮೆಟ್ ತಲೆಯನ್ನಷ್ಟೇ ಕಾದರೆ ಸಾಲದು, ಕಿವಿ ಕಣ್ಣುಗಳನ್ನೂ ಕಾಯಬೇಕು. ಇದೇ ಕೆಲಸಕ್ಕೆಂದು ತಯಾರಾದ ಹೆಲ್ಮೆಟ್ಟಿನಲ್ಲಿ ಗಟ್ಟಿ ಚಿಪ್ಪು, ಮಡಚಬಹುದಾದ ಜಾಲರಿಯ ಮುಖಪರದೆ, ಎರಡೂ ಕಿವಿಗೆ ಮುಚ್ಚುವ ಬಟ್ಟಲು (ಇಯರ್ ಮಫ್) ಒಟ್ಟಿಗೇ ಇರುತ್ತವೆ.

ಬೈಕ್ ಹೆಲ್ಮೆಟ್ ಆಗದೇ?

ಅನೇಕರು ಕೇಳುವ ಪ್ರಶ್ನೆ ಇದು. ಬೈಕ್ ಹೆಲ್ಮೆಟ್ಟಿಗೆ ಐ.ಎಸ್. 4151 ಎಂಬ ಮಾನದಂಡವಿದೆ. ಅದು ರಸ್ತೆಯಲ್ಲಿ ಬಿದ್ದಾಗ ತಲೆಯನ್ನು ಕಾಯಲು ತಯಾರಾದದ್ದು. ಹೊಲದಲ್ಲಿ ಬಗ್ಗಿ ಏಳುವ ಕೆಲಸಕ್ಕೆ ಅದು ಭಾರ. ಬಿಸಿಲಿನಲ್ಲಿ ಒಳಗೆಲ್ಲ ಬೆವರು. ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟಿನಲ್ಲಿ ಅಕ್ಕಪಕ್ಕದ ನೋಟ ಕಡಿಮೆ. ಅದರೊಳಗೆ ಇಯರ್ ಮಫ್ ಹಿಡಿಸುವುದಿಲ್ಲ. ಸೆಖೆ ತಾಳದೆ ಅರ್ಧ ಗಂಟೆಯಲ್ಲಿ ತೆಗೆದಿಟ್ಟರೆ ಅದು ಇದ್ದೂ ಇಲ್ಲದಂತೆ.

ಕಟ್ಟಡ ಕೆಲಸದವರು ಹಾಕುವ ಹಳದಿ ಹೆಲ್ಮೆಟ್ ಇದಕ್ಕಿಂತ ಹೆಚ್ಚು ಸೂಕ್ತ. ಕೈಗಾರಿಕಾ ಹೆಲ್ಮೆಟ್ಟಿನ ಭಾರತೀಯ ಮಾನದಂಡ ಐ.ಎಸ್. 2925. ಆದರೆ ಐ.ಎಸ್.ಐ. ಗುರುತಿಲ್ಲದ, ಬೊಂಬೆಯಂಗಡಿಯ ಟೋಪಿಯಂಥ ಪ್ಲಾಸ್ಟಿಕ್ಕೂ ಅದೇ ಬಣ್ಣದಲ್ಲಿ ಸಿಗುತ್ತದೆ. ಬಣ್ಣಕ್ಕೆ ಮಾರುಹೋಗಬೇಡಿ. ಇನ್ನೊಂದು ಕೊರತೆಯೆಂದರೆ, ಇಂಥ ಅನೇಕ ಹೆಲ್ಮೆಟ್‌ಗಳಿಗೆ ಗದ್ದದ ಪಟ್ಟಿಯೇ ಇರುವುದಿಲ್ಲ. ಮರ ಕಡಿಯುವವರು ಮತ್ತೆ ಮತ್ತೆ ತಲೆಯೆತ್ತಿ ಮೇಲೆ ನೋಡಬೇಕು. ಪಟ್ಟಿಯಿಲ್ಲದ ಹೆಲ್ಮೆಟ್ ಆ ಹೊತ್ತಿನಲ್ಲೇ ಹಿಂದಕ್ಕೆ ಜಾರಿ ಬೀಳುತ್ತದೆ.

ಕೊಳ್ಳುವಾಗ ಏನು ನೋಡಬೇಕು?

1. ಗುರುತು: ಚಿಪ್ಪಿನ ಮೇಲೆ ಐ.ಎಸ್.ಐ. ಗುರುತು ಮತ್ತು ಐ.ಎಸ್. 2925 ಸಂಖ್ಯೆ ಇರಲಿ. ಹೊರದೇಶದ ಹೆಲ್ಮೆಟ್ ಆದರೆ ಯುರೋಪಿನ ಇ.ಎನ್. 397 ಸಂಖ್ಯೆ ನೋಡಿ.

2. ತಯಾರಾದ ದಿನಾಂಕ: ಮುಂದಿನ ಅಂಚಿನ ಒಳಬದಿಯಲ್ಲಿ ಸಾಮಾನ್ಯವಾಗಿ ಗಡಿಯಾರದ ಮುಖದಂತೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ವರ್ಷಗಟ್ಟಲೆ ಬಿಸಿಲಿಗೆ ತೂಗುಹಾಕಿದ್ದ ಮಾಲು ಬೇಡ.

3. ಒಳಪಟ್ಟಿಗಳು: ಚಿಪ್ಪು ನೇರವಾಗಿ ತಲೆಗೆ ತಾಗಬಾರದು. ನಡುವೆ ಎರಡು ಬೆರಳಿನ ಅಗಲವಾದರೂ ಜಾಗ ಬೇಕು. ಏಟು ಬಿದ್ದಾಗ ಪಟ್ಟಿಗಳು ಹಿಗ್ಗಿ ಅದರ ಬಲವನ್ನು ಇಡೀ ತಲೆಗೆ ಹಂಚುವುದು ಈ ಜಾಗ ಇರುವುದರಿಂದಲೇ. ಬೀಡಿಕಟ್ಟು, ಮೊಬೈಲು, ಮಡಿಸಿದ ಟವೆಲ್ ಇಡುವ ಗೂಡಲ್ಲ ಅದು.

4. ಅಳತೆ: ಹಿಂದಿನ ತಿರುಪು ಬಿಗಿದು, ಗದ್ದದ ಪಟ್ಟಿ ಹಾಕದೆಯೇ ಮುಂದಕ್ಕೆ ಬಗ್ಗಿ ತಲೆ ಅಲ್ಲಾಡಿಸಿ. ಹೆಲ್ಮೆಟ್ ಬೀಳಬಾರದು. ಅನಂತರ ಪಟ್ಟಿ ಹಾಕಿ ಆಕಾಶ ನೋಡಿ. ಕತ್ತಿನ ಹಿಂಭಾಗಕ್ಕೆ ಒತ್ತಬಾರದು, ಹಿಂದಕ್ಕೆ ಜಾರಬಾರದು. ಮುಂದಿನ ಅಂಚು ಚಿಕ್ಕದಾಗಿದ್ದರೆ ಮೇಲೆ ನೋಡಲು ಅನುಕೂಲ.

5. ಗದ್ದದ ಪಟ್ಟಿ: ನೆಲದ ಮೇಲೆ ನಿಂತು ಕೆಲಸ ಮಾಡುವವರಿಗೂ, ಮರ ಹತ್ತುವವರಿಗೂ ಬೇಕಾದ ಪಟ್ಟಿ ಬೇರೆ ಬೇರೆ. ಇ.ಎನ್. 397 ಹೆಲ್ಮೆಟ್ಟಿನ ಪಟ್ಟಿ ಸುಮಾರು 15ರಿಂದ 25 ಕಿಲೋ ತೂಕದ ಎಳೆತಕ್ಕೆ ಬಿಟ್ಟುಕೊಳ್ಳುತ್ತದೆ. ಎಲ್ಲಾದರೂ ಸಿಕ್ಕಿಕೊಂಡರೆ ಕುತ್ತಿಗೆಗೆ ಉರುಳಾಗದಿರಲಿ ಎಂಬುದು ಉದ್ದೇಶ. ಮರ ಹತ್ತುವವರು ಬಿದ್ದರೂ ಹೆಲ್ಮೆಟ್ ತಲೆಯಲ್ಲೇ ಉಳಿಯಬೇಕಾದ್ದರಿಂದ, ಬಿಗಿಯಾಗಿ ಹಿಡಿಯುವ ಪಟ್ಟಿಯುಳ್ಳ ಪರ್ವತಾರೋಹಿಗಳ ಬಗೆಯ (ಇ.ಎನ್. 12492) ಹೆಲ್ಮೆಟ್ ಅವರಿಗೆ ಸೂಕ್ತ.

6. ಇಯರ್ ಮಫ್: ಮೆತ್ತೆ ಕಿವಿಯ ಸುತ್ತ ಸಂದಿಲ್ಲದಂತೆ ಕೂರಬೇಕು. ಉದ್ದ ಕೂದಲು, ಕನ್ನಡಕದ ದಪ್ಪ ಕಡ್ಡಿ, ಟವೆಲಿನ ಅಂಚು ನಡುವೆ ಸಿಕ್ಕರೆ ಸದ್ದು ಒಳನುಗ್ಗುತ್ತದೆ. ಕಿವಿಗೆ ಹತ್ತಿ ತುರುಕುವುದರಿಂದ ಹೆಚ್ಚು ಪ್ರಯೋಜನವಿಲ್ಲ.

7. ಮುಖಪರದೆ: ಜಾಲರಿ ಚಕ್ಕೆಯನ್ನು ತಡೆಯುತ್ತದೆ, ಸಣ್ಣ ಪುಡಿಯನ್ನು ಪೂರ್ತಿ ತಡೆಯದು. ಒಳಗೊಂದು ಸುರಕ್ಷಾ ಕನ್ನಡಕವೂ ಇರಲಿ.

ಇಡೀ ಸೆಟ್ ಕೊಳ್ಳಲು ಕೆಲವು ಸಾವಿರ ರೂಪಾಯಿ ಬೇಕಾದೀತು. ಅಷ್ಟು ಅನುಕೂಲವಿಲ್ಲದವರು ಗದ್ದದ ಪಟ್ಟಿಯಿರುವ ಐ.ಎಸ್.ಐ. ಹೆಲ್ಮೆಟ್, ಅದಕ್ಕೆ ಹೊಂದುವ ಇಯರ್ ಮಫ್ ಅಥವಾ ಕಿವಿಯೊಳಗೆ ಇಡುವ ಇಯರ್ ಪ್ಲಗ್, ಒಂದು ಸುರಕ್ಷಾ ಕನ್ನಡಕ ಬೇರೆ ಬೇರೆಯಾಗಿ ಕೊಂಡರೂ ಆಗುತ್ತದೆ.

ಹೆಲ್ಮೆಟ್ಟಿಗೂ ಮಿತಿಯುಂಟು

ಇದು ಎಲ್ಲಕ್ಕಿಂತ ಮುಖ್ಯವಾದ ಮಾತು. ಇ.ಎನ್. 397 ಪರೀಕ್ಷೆಯಲ್ಲಿ 5 ಕಿಲೋ ತೂಕವನ್ನು 1 ಮೀಟರ್ ಎತ್ತರದಿಂದ ಹೆಲ್ಮೆಟ್ಟಿನ ಮೇಲೆ ಬೀಳಿಸುತ್ತಾರೆ. ಈಗ ತೋಪಿನ ಲೆಕ್ಕ ನೋಡಿ. 2 ಕಿಲೋ ತೂಗುವ ಒಂದು ಒಣಕೊಂಬೆ 10 ಮೀಟರ್ ಎತ್ತರದಿಂದ ಬಿದ್ದರೆ, ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು 50 ಕಿಲೋಮೀಟರ್. ಅದರ ಶಕ್ತಿ ಪರೀಕ್ಷೆಯ ಏಟಿನ ನಾಲ್ಕರಷ್ಟು! ಹೆಲ್ಮೆಟ್ ಸಣ್ಣ ರೆಂಬೆಯಿಂದ ಕಾಪಾಡೀತು. ದೊಡ್ಡ ಕೊಂಬೆಯ ಏಟನ್ನು ಅಷ್ಟಿಷ್ಟು ತಗ್ಗಿಸೀತು. ಬೀಳುವ ಮರದಿಂದ ಕಾಪಾಡಲಾರದು. ಅಲ್ಲಿ ಕಾಪಾಡುವುದು ದೂರ ಮಾತ್ರ.

ಕೆಲಸಕ್ಕೆ ಮುನ್ನ ತಲೆಯೆತ್ತಿ ಒಣಕೊಂಬೆ, ಸಿಕ್ಕಿಕೊಂಡ ರೆಂಬೆ, ವಿದ್ಯುತ್ ತಂತಿ ಇವೆಯೇ ನೋಡಿ. ಮರ ಬೀಳುವ ದಿಕ್ಕಿಗೆ ಹಿಂದೆ, ಓರೆಯಾಗಿ ಹೊರಳಿ ಹೋಗಲು ದಾರಿ ಬಿಡಿಸಿಕೊಳ್ಳಿ. ಉಳಿದವರು ಮರದ ಎತ್ತರದ ಎರಡರಷ್ಟು ದೂರದಲ್ಲಿರಲಿ. 20 ಮೀಟರ್ ನೀಲಗಿರಿಯಾದರೆ 40 ಮೀಟರ್. ಸೌದೆ ಆಯಲು ಬಂದ ಹೆಂಗಸರು, ಮಕ್ಕಳು ಈ ಗೆರೆಯೊಳಗೆ ಬಾರದಂತೆ ಒಬ್ಬರು ನೋಡಿಕೊಳ್ಳಲಿ. ಹಗ್ಗ ಎಳೆಯುವವರಿಗೂ ಹೆಲ್ಮೆಟ್ ಬೇಕು. ಇಯರ್ ಮಫ್ ಹಾಕಿದವರಿಗೆ ಕೂಗಿದರೆ ಕೇಳಿಸದು. ಆದ್ದರಿಂದ ‘ನಿಲ್ಲಿಸು’, ‘ಬೀಳುತ್ತಿದೆ’ ಎನ್ನಲು ಕೈಸನ್ನೆಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಬಳಕೆ ಮತ್ತು ಆಯುಷ್ಯ

ಬಿಸಿಲು ಪ್ಲಾಸ್ಟಿಕ್ಕಿನ ಶತ್ರು. ಟ್ರ್ಯಾಕ್ಟರ್ ಮೇಲೆ, ಶೆಡ್ಡಿನ ತಗಡಿನ ಮೇಲೆ ಹೆಲ್ಮೆಟ್ ಬಿಟ್ಟುಬರಬೇಡಿ. ಸೋಪಿನ ನೀರಿನಲ್ಲಿ ತೊಳೆಯಿರಿ. ಪೆಟ್ರೋಲ್, ಥಿನ್ನರ್ ಸೋಕಿಸಬೇಡಿ; ಬಣ್ಣ ಬಳಿಯಬೇಡಿ; ಗಾಳಿಗೆಂದು ತೂತು ಕೊರೆಯಬೇಡಿ. ಗಾಳಿಗಿಂಡಿ ಇರುವ ಹೆಲ್ಮೆಟ್ಟನ್ನೇ ಕೊಳ್ಳಿ. ಬಣ್ಣ ಮಾಸಿ ಸುಣ್ಣದಂತಾದರೆ, ಕೂದಲೆಳೆಯಷ್ಟು ಬಿರುಕು ಕಂಡರೆ, ಎರಡೂ ಕೈಯಲ್ಲಿ ಮೆಲ್ಲಗೆ ಒತ್ತಿದಾಗ ಚಟಚಟ ಎಂದರೆ ಬದಲಿಸಿ. ದೊಡ್ಡ ಏಟು ತಿಂದ ಹೆಲ್ಮೆಟ್ ನೋಡಲು ಚೆನ್ನಾಗಿಯೇ ಇದ್ದರೂ ಮತ್ತೆ ಬಳಸಬಾರದು. ಏನೂ ಆಗದಿದ್ದರೂ ತಯಾರಕರು ಹೇಳಿದ ಅವಧಿ ಮುಗಿದ ಮೇಲೆ ಹೊಸದು ಕೊಳ್ಳಬೇಕು.

ಏಟು ಬಿದ್ದರೆ

ತಲೆಗೆ ಏಟು ಬಿದ್ದವರು ಎದ್ದು ಕುಳಿತು ಮಾತನಾಡಿದರೆಂದು ನಿಶ್ಚಿಂತರಾಗಬೇಡಿ. ತಲೆಬುರುಡೆಯೊಳಗೆ ರಕ್ತ ಸೋರಿ ಹೆಪ್ಪುಗಟ್ಟುತ್ತಿದ್ದರೆ, ಕೆಲವು ಗಂಟೆ ಚೆನ್ನಾಗಿದ್ದವರು ಆಮೇಲೆ ಪ್ರಜ್ಞೆ ತಪ್ಪಬಹುದು. ಕ್ಷಣಕಾಲ ಪ್ರಜ್ಞೆ ತಪ್ಪಿದ್ದು, ಮತ್ತೆ ಮತ್ತೆ ವಾಂತಿ, ಹೆಚ್ಚುತ್ತಿರುವ ತಲೆನೋವು, ಮಂಪರು, ತೊದಲು ಮಾತು, ಫಿಟ್ಸ್, ಕೈಕಾಲಿನ ಬಲ ಕುಗ್ಗುವುದು, ಕಿವಿ ಮೂಗಿನಿಂದ ರಕ್ತ ಅಥವಾ ನೀರು ಸೋರುವುದು - ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ. ಕುತ್ತಿಗೆ ಅಲುಗದಂತೆ ಮಲಗಿಸಿ. ಕಾಫಿ, ನೀರು, ಸಾರಾಯಿ ಏನನ್ನೂ ಕುಡಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಲೆಯ ಪೆಟ್ಟಿಗೆ ಹಗಲಿರುಳು ತುರ್ತು ಚಿಕಿತ್ಸೆ ಇದೆ.

ಕಣ್ಣಿಗೆ ಚೂರು ಬಿದ್ದರೆ ಉಜ್ಜಬೇಡಿ; ಶುದ್ಧ ನೀರಿನಿಂದ ತೊಳೆಯಿರಿ. ನಾಟಿಕೊಂಡಿದ್ದರೆ ಕೀಳಲು ಹೋಗಬೇಡಿ. ಹರಳೆಣ್ಣೆ, ಎದೆಹಾಲು, ಸೊಪ್ಪಿನ ರಸ ಹಾಕಬೇಡಿ. ಅಂಗಡಿಯವರು ಕೊಟ್ಟ ಸ್ಟೀರಾಯ್ಡ್ ಹನಿ ಶಿಲೀಂಧ್ರದ ಹುಣ್ಣನ್ನು ಉಲ್ಬಣಗೊಳಿಸುತ್ತದೆ. ನೋವು, ಕೆಂಪು, ಮಂಜು ನೋಟ ಉಳಿದರೆ ಅದೇ ದಿನ ನೇತ್ರತಜ್ಞರಿಗೆ ತೋರಿಸಿ.

ಕೂಲಿ ಕೊಡುವವರಿಗೊಂದು ಮಾತು

ಮರ ಕಡಿಸಲು ಮೇಸ್ತ್ರಿಯೊಡನೆ ದರ ಮಾತಾಡುವಾಗಲೇ ‘ನಿಮ್ಮವರಿಗೆ ಹೆಲ್ಮೆಟ್ ಇದೆಯೇ?’ ಎಂದು ಕೇಳಿ. ಇಲ್ಲವಾದರೆ ನೀವೇ ಎರಡು ಕೊಂಡಿಡಿ. ಐ.ಎಸ್.ಐ. ಗುರುತಿನ ಸಾದಾ ಹೆಲ್ಮೆಟ್ ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಅದರ ಕೆಳಗಿರುವ ತಲೆಯನ್ನು ನಂಬಿ ಒಂದು ಸಂಸಾರವಿದೆ. ‘ಇಷ್ಟು ವರ್ಷ ಹಾಗೇ ಕಡಿದಿದ್ದೇವೆ, ಏನೂ ಆಗಿಲ್ಲ’ ಎಂಬ ಮಾತು ಬಂದರೆ ಒಪ್ಪಬೇಡಿ. ತಲೆಗೆ ರಕ್ಷಣೆ ಬರುವವರೆಗೆ ಯಂತ್ರ ಚಾಲೂ ಆಗದಿರಲಿ.