ದ್ರಾಕ್ಷಿಯ ದಾವಣಿ ರೋಗವೂ ಅದರ ನಿವಾರಣೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ದ್ರಾಕ್ಷಿ ತೋಟಗಳಲ್ಲಿ ಅಕ್ಟೋಬರ್ ಚಾಟ್ನಿಯ ತರುವಾಯ ಮಳೆಯಾದರೆ ದಾವಣಿ ರೋಗವು ತಲೆದೋರುವದು. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆಯೂ ಕೆಳಗೆ ಬಿಳಿಯ ಬೂಷ್ಟೂ ಕಾಣುವವು. ಹೂಗೊಂಚಲಿಗೆ ತಗಲಿದರೆ ವರ್ಷದ ಫಲವೇ ಕೈತಪ್ಪುವದು.

ಬೋರ್ಡೋ ದ್ರಾವಣವು ರೋಗವನ್ನು ತಡೆಯುವದೇ ಹೊರತು ಒಳಹೊಕ್ಕುದನ್ನು ಗುಣಪಡಿಸದು. ಆದುದರಿಂದ ಚಾಟ್ನಿಯಾದ ಕೂಡಲೆ ಸಿಂಪಡಿಸತಕ್ಕದ್ದು. 1 ಕಿಲೋ ಮೈಲುತುತ್ತವನ್ನೂ 1 ಕಿಲೋ ಸುಟ್ಟ ಸುಣ್ಣವನ್ನೂ ಪ್ರತ್ಯೇಕವಾಗಿ 50 ಲೀಟರು ನೀರಿನಲ್ಲಿ ಕಲಸಿ, ತುತ್ತದ ನೀರನ್ನು ಸೋಸಿದ ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಸಲ್ಲದು. ಹೊಳೆಯುವ ಚಾಕುವನ್ನು ಅದ್ದಿದಾಗ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಕೂಡಿಸಬೇಕು. ದ್ರಾವಣವನ್ನು ಅಂದೇ ಬಳಸಬೇಕು.

ರೋಗವು ಗಾಳಿಮಳೆಗಳೊಡನೆ ನೆರೆತೋಟಕ್ಕೆ ಹರಡುವದರಿಂದ, ಉದುರಿದ ಎಲೆಗಳನ್ನು ಊರ ಪ್ರಮುಖರು ಎಲ್ಲರಿಂದಲೂ ಸುಡಿಸುವದು ಹಿತಕರವು.