ಮೊಲಗಳ ಸಹವಾಸ

ಮೊಲವು ಸಾಧುಪ್ರಾಣಿಯೆಂಬುದು ಲೋಕರೂಢಿಯ ಮಾತು. ಸೊಪ್ಪನ್ನು ಮೆಲ್ಲುತ್ತ ಮೂಲೆಯಲ್ಲಿ ಮುದುಡಿ ಕುಳಿತ ಈ ಪ್ರಾಣಿಯು ತನ್ನ ಜಾತಿಯ ಇನ್ನೊಂದರ ಮೇಲೆರಗಿ ಚರ್ಮವನ್ನು ಸೀಳಬಲ್ಲದೆಂದರೆ ಯಾರಿಗೂ ಸುಲಭವಾಗಿ ನಂಬಿಕೆ ಬಾರದು. ಆದರೆ ವಯಸ್ಸಾದ ಮೊಲವಿರುವ ಗೂಡಿನೊಳಕ್ಕೆ ಎಳೆಯದೊಂದನ್ನು ಒಮ್ಮೆಗೇ ಬಿಟ್ಟವರು ಅನೇಕ ವೇಳೆ ಕಾಣುವುದು ಇದನ್ನೇ.

ಕನ್ನಡದಲ್ಲಿ ಮೊಲವೆಂಬ ಒಂದೇ ಹೆಸರು ಎರಡು ಪ್ರಾಣಿಗಳಿಗೆ ಸಲ್ಲುತ್ತದೆ. ನಮ್ಮ ಕುರುಚಲು ಕಾಡುಗಳಲ್ಲಿ ಓಡಾಡುವ, ಕತ್ತಿನ ಹಿಂಭಾಗ ಕಪ್ಪಾದ ಕಾಡುಮೊಲವು ಹೆಚ್ಚಾಗಿ ಒಂಟಿಯಾಗಿ ಬಾಳುವಂಥದು. ಬಿಲ ತೋಡದೆ ಹುಲ್ಲಿನ ಮರೆಯಲ್ಲಿ ಮಲಗುತ್ತದೆ. ಅದರ ಮರಿಗಳು ಹುಟ್ಟುವಾಗಲೇ ಕಣ್ಣು ತೆರೆದು ಮೈತುಂಬ ಕೂದಲು ಹೊಂದಿರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅದು ರಕ್ಷಿತ ಪ್ರಾಣಿ. ಅದನ್ನು ಹಿಡಿದು ಸಾಕಕೂಡದು. ಮನೆಗಳಲ್ಲಿ ಸಾಕುವ ಮೊಲದ ಮೂಲಸ್ಥಾನವಾದರೋ ದೂರದ ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ನೆಲ. ಅದು ಬಿಲಗಳಲ್ಲಿ ಗುಂಪುಗೂಡಿ ಬಾಳುವ ಕುಲಕ್ಕೆ ಸೇರಿದ್ದು. ಮರಿಗಳು ಹುಟ್ಟುವಾಗ ಕುರುಡು, ಬೆತ್ತಲೆ. ವೇಲ್ಸ್ ಪ್ರಾಂತದಲ್ಲಿ ಈ ಮೊಲಗಳನ್ನು ವರ್ಷಗಟ್ಟಲೆ ಗಮನಿಸಿದ ಆರ್. ಎಂ. ಲಾಕ್ಲಿಯವರು 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಸಮಾಜದ ಕಟ್ಟುಕಟ್ಟಳೆಗಳನ್ನು ಸೊಗಸಾಗಿ ವಿವರಿಸಿದ್ದಾರೆ.

ಈ ಸಮಾಜದಲ್ಲಿ ಮೇಲುಕೀಳಿನ ಶ್ರೇಣಿಯುಂಟು. ಪ್ರತಿ ಗುಂಪಿಗೂ ತನ್ನದೆಂಬ ನೆಲವಿದ್ದು, ಅಲ್ಲಿಗೆ ಕಾಲಿಟ್ಟ ಅಪರಿಚಿತ ಮೊಲವನ್ನು ಅಟ್ಟಲಾಗುತ್ತದೆ. ಬಯಲಿನಲ್ಲಾದರೆ ಸೋತದ್ದು ಓಡಿಹೋಗುತ್ತದೆ; ಜಗಳ ಅಲ್ಲಿಗೆ ಮುಗಿಯಿತು. ಗೂಡಿನಲ್ಲಿ ಓಡಲು ಎಡೆಯೆಲ್ಲಿ? ಬಯಲಿನಲ್ಲಿ ಕ್ಷಣಮಾತ್ರದಲ್ಲಿ ಮುಗಿಯಬಹುದಾಗಿದ್ದ ಕಲಹವು ಪಂಜರದಲ್ಲಿ ಪ್ರಾಣಾಂತಿಕವಾಗುವುದು ಈ ಕಾರಣದಿಂದಲೇ.

ವಯಸ್ಸಿನ ವಿಷಯದಲ್ಲಿ ಒಂದು ಮೋಸವುಂಟು. ಎಂಟು ಹತ್ತು ವಾರದ ಮರಿಯನ್ನು ದೊಡ್ಡ ಮೊಲವು ಕೆಲವೊಮ್ಮೆ ಮರುಮಾತಿಲ್ಲದೆ ಸೇರಿಸಿಕೊಳ್ಳುತ್ತದೆ. ಸಾಕುವವರು ಸಂತೋಷಪಡುತ್ತಾರೆ. ಆದರೆ ಮರಿಯು ನಾಲ್ಕೈದು ತಿಂಗಳಿಗೆ ಪ್ರಾಯಕ್ಕೆ ಬಂದೊಡನೆ ಹಳೆಯ ಸ್ನೇಹ ಮುರಿದುಬೀಳಬಹುದು. ಒಡಹುಟ್ಟಿದವುಗಳೂ, ತಾಯಿಮಕ್ಕಳೂ ಇದಕ್ಕೆ ಹೊರತಲ್ಲ. ಆದುದರಿಂದ ಜೊತೆಗೂಡಿಸುವ ಮೊದಲು ಎರಡಕ್ಕೂ ಪಶುವೈದ್ಯರಿಂದ ಸಂತಾನಹರಣ ಚಿಕಿತ್ಸೆ ಮಾಡಿಸುವುದು ಕ್ಷೇಮ. ಇದರಿಂದ ಹೆಣ್ಣು ಮೊಲಗಳಿಗೆ ಇನ್ನೊಂದು ಲಾಭವೂ ಇದೆ. ನಾಲ್ಕು ವರ್ಷ ದಾಟಿದ ಹೆಣ್ಣುಗಳನ್ನು ಹೆಚ್ಚಾಗಿ ಕಾಡುವ ಗರ್ಭಕೋಶದ ಅರ್ಬುದರೋಗವು ತಪ್ಪುತ್ತದೆ. ಗಂಡಿನ ಸಂತಾನಶಕ್ತಿ ಚಿಕಿತ್ಸೆಯ ತರುವಾಯವೂ ಕೆಲವು ವಾರ ಉಳಿದಿರುವುದರಿಂದ ಅದನ್ನು ಒಡನೆಯೇ ಹೆಣ್ಣಿನೊಡನೆ ಬಿಡಬಾರದು. ಚಿಕಿತ್ಸೆಯಾದ ಒಂದು ಗಂಡು, ಒಂದು ಹೆಣ್ಣು ಬಹುಮಟ್ಟಿಗೆ ಒಳ್ಳೆಯ ಜೋಡಿ.

ಪರಿಚಯವು ಮೂಗಿನಿಂದ ಮೊದಲಾಗಬೇಕು. ಎರಡು ಗೂಡುಗಳನ್ನು ಅಕ್ಕಪಕ್ಕದಲ್ಲಿರಿಸಿ, ನಡುವೆ ಕಚ್ಚಲಾಗದಷ್ಟು ಅಂತರ ಬಿಟ್ಟು, ಒಂದರ ಹಾಸುಹುಲ್ಲನ್ನು ಇನ್ನೊಂದಕ್ಕೆ ಬದಲಾಯಿಸುತ್ತಿದ್ದರೆ ಪರವಾಸನೆಯು ಕ್ರಮೇಣ ಮನೆಯ ವಾಸನೆಯಾಗುತ್ತದೆ. ಮುಖಾಮುಖಿಯ ಭೇಟಿಯು ಎರಡಕ್ಕೂ ಹೊಸದಾದ ಸ್ಥಳದಲ್ಲಿ ನಡೆಯತಕ್ಕದ್ದು. ಕಿವಿ ಹಿಂದಕ್ಕೆ ಮಡಿಸಿ ಬಾಲವೆತ್ತಿ ನಿಂತರೆ ಅದು ಯುದ್ಧಸನ್ನಾಹ. ಕೂಡಲೇ ದಪ್ಪ ಕೈಗವಸು ತೊಟ್ಟು ಬೇರ್ಪಡಿಸಬೇಕು. ತುಸು ಅಟ್ಟಾಟ, ಬೆನ್ನೇರುವಿಕೆ ಶ್ರೇಣಿಯನ್ನು ಗೊತ್ತುಪಡಿಸುವ ಕ್ರಮವಾದ್ದರಿಂದ ಅದಕ್ಕೆ ಹೆದರಬೇಕಾಗಿಲ್ಲ. ಒಂದು ತಲೆ ತಗ್ಗಿಸಿ, ಇನ್ನೊಂದು ಅದರ ಹಣೆಯನ್ನು ನೆಕ್ಕಿತೆಂದರೆ ಅರ್ಧ ಕೆಲಸ ಮುಗಿದಂತೆ. ಕೆಲವು ಜೋಡಿಗಳಿಗೆ ಎರಡು ದಿನ ಸಾಕು. ಕೆಲವಕ್ಕೆ ತಿಂಗಳುಗಳೇ ಬೇಕು.

ಮುದಿ ಮೊಲದ ವಿಷಯದಲ್ಲಿ ವಿಶೇಷ ಕರುಣೆ ಅಗತ್ಯ. ಕೀಲುನೋವಿನಿಂದ ಬಳಲುವ ಪ್ರಾಣಿಗೆ ಎಳೆಯದರ ನೆಗೆದಾಟ ಆಯಾಸವನ್ನು ತರುತ್ತದೆ. ಬ್ರಿಟನ್ನಿನಲ್ಲಿ ಒಂದು ಜೋಡಿಗೆ ಕನಿಷ್ಠ ಮೂರು ಮೀಟರು ಉದ್ದ, ಎರಡು ಮೀಟರು ಅಗಲ, ಒಂದು ಮೀಟರು ಎತ್ತರದ ಆವರಣವಿರಬೇಕೆಂದು ಮೊಲಗಳ ಹಿತಚಿಂತಕರು ಹೇಳುತ್ತಾರೆ. ಅದರೊಳಗೆ ಮುದಿಯದಕ್ಕೆ ಜಾರದ ನೆಲ, ತಗ್ಗಾದ ಅಂಚಿನ ಮಲದ ತಟ್ಟೆ ಇರಲಿ. ಅಡಗುವ ಪೆಟ್ಟಿಗೆಗೆ ಎರಡು ಬಾಗಿಲು ಬೇಕೇ ಬೇಕು. ಒಂದೇ ಬಾಗಿಲಿದ್ದರೆ ಬಲಿಷ್ಠವಾದುದು ಅಲ್ಲಿ ಕುಳಿತು ಇನ್ನೊಂದನ್ನು ಸೆರೆಯಿಡುತ್ತದೆ. ಮೇವಿನಲ್ಲೂ ತೊಡಕುಂಟು. ಸುಣ್ಣದಂಶ ಹೆಚ್ಚಿರುವ ಲೂಸರ್ನ್ ಮೇವು ಬೆಳೆಯುವ ಮರಿಗೆ ಹಿತ, ದೊಡ್ಡದಕ್ಕೆ ಅಹಿತ. ಅದನ್ನು ಮರಿಗೆ ಪ್ರತ್ಯೇಕವಾಗಿ ತಿನ್ನಿಸಿ, ಸಾಮಾನ್ಯ ಒಣಹುಲ್ಲನ್ನು ಎರಡಕ್ಕೂ ಯಥೇಚ್ಛವಾಗಿ ಹಾಕಬೇಕು.

ಒಮ್ಮೆ ಕೂಡಿದವನ್ನು ಅಗಲಿಸುವುದು ಅಪಾಯಕರ. ಒಂದನ್ನು ಚಿಕಿತ್ಸೆಗೆ ಒಯ್ಯುವಾಗ ಇನ್ನೊಂದನ್ನೂ ಜೊತೆಗೆ ಒಯ್ಯುವುದು ಮೇಲು. ಆಸ್ಪತ್ರೆಯ ವಾಸನೆ ಹೊತ್ತು ಬಂದ ಸಂಗಾತಿಯನ್ನು ಮನೆಯಲ್ಲುಳಿದದ್ದು ಪರಕೀಯವೆಂದು ಅಟ್ಟುವುದುಂಟು. ವಯೋಭೇದದ ಜೋಡಿಯಲ್ಲಿ ಮುದಿಯದು ಮೊದಲು ಸಾಯುವುದು ಸಹಜ. ಆಗ ಉಳಿದದ್ದನ್ನು ಸ್ವಲ್ಪ ಹೊತ್ತು ಶವದ ಬಳಿ ಬಿಡುವುದು ರೂಢಿ. ಅದು ಮೂಸುತ್ತದೆ, ಕೆಲವೊಮ್ಮೆ ನೆಕ್ಕುತ್ತದೆ, ಬಳಿಕ ದೂರ ಸರಿದು ಕೂರುತ್ತದೆ. ಅನಂತರದ ದಿನಗಳಲ್ಲಿ ಅದು ಮೇವು ಮುಟ್ಟುತ್ತಿದೆಯೇ, ಹಿಕ್ಕೆ ಹಾಕುತ್ತಿದೆಯೇ ಎಂಬುದನ್ನು ಎಚ್ಚರದಿಂದ ನೋಡುತ್ತಿರಬೇಕು. ಅರ್ಧ ದಿನ ಏನನ್ನೂ ತಿನ್ನದ ಮೊಲದ ಕರುಳು ಸ್ತಬ್ಧವಾಗಿ ಪ್ರಾಣಕ್ಕೇ ಸಂಚಕಾರ ಬರುವುದುಂಟು. ಅಂಥ ವೇಳೆಯಲ್ಲಿ ಬೆಳಗಾಗುವವರೆಗೆ ಕಾಯದೆ ವೈದ್ಯರಲ್ಲಿಗೆ ಕೊಂಡೊಯ್ಯಬೇಕು.