ತೋಟದ ನಾಯಿಗೆ ಉಣುಗು, ಜಂತು: ಬೇವು ಎಷ್ಟು, ಎಲ್ಲಿಗೆ, ಎಷ್ಟು ವಾರ

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಶಿರಾ, ಹಿರಿಯೂರು, ಚಳ್ಳಕೆರೆ ಕಡೆಯ ರೈತರು ತೋಟದ ನಾಯಿಗಳನ್ನು ಚಿಕಿತ್ಸಾಲಯಕ್ಕೆ ಕರೆತರುವುದು ಹೆಚ್ಚುಕಡಿಮೆ ಒಂದೇ ದೂರಿನೊಂದಿಗೆ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣುಗು, ಎರಡು ಮೂರು ದಿನದಿಂದ ಮುದ್ದೆ ಮುಟ್ಟಿಲ್ಲ, ಜ್ವರ, ಕೆಲವಕ್ಕೆ ಮೂಗಿನಿಂದ ರಕ್ತ. ಈ ಸಲವೂ ಅದೇ ಆಗಿದೆ. "ವಾರ ವಾರ ಬೇವಿನ ನೀರು ಹಾಕ್ತಾನೇ ಇದೀವಿ ಸಾರ್, ಆದ್ರೂ ಹೋಗ್ತಿಲ್ಲ" ಎನ್ನುತ್ತಾರೆ. ಅವರು ಹೇಳುವುದು ಸುಳ್ಳಲ್ಲ, ಬೇವಿನ ತಪ್ಪೂ ಅಲ್ಲ. ನಾಯಿಯ ಮೈಗೆ ಹಾಕಿದ್ದಾರೆ, ನಾಯಿ ಮಲಗುವ ಜಾಗಕ್ಕೆ ಹಾಕಿಲ್ಲ. ವರ್ಷ ವರ್ಷವೂ ಹೇಳಿ, ವರ್ಷ ವರ್ಷವೂ ಕಾಣುತ್ತಿರುವ ತಪ್ಪು ಇದೇ.

ಉಣುಗಿನ ಜೀವನಚಕ್ರದ ಪಾಠವನ್ನೆಲ್ಲ ಇಲ್ಲಿ ಮಾಡುವುದಿಲ್ಲ. ಇಷ್ಟು ಗೊತ್ತಿದ್ದರೆ ಸಾಕು: ನಾಯಿಗೆ ಹತ್ತುವ ಕಂದು ಉಣುಗು ಮರಿಯಾಗಿದ್ದಾಗ ಒಮ್ಮೆ, ನಡುವಯಸ್ಸಿನಲ್ಲಿ ಒಮ್ಮೆ, ಬಲಿತ ಮೇಲೆ ಒಮ್ಮೆ, ಹೀಗೆ ಮೂರು ಸಲ ನಾಯಿಯ ಮೈಗೆ ಬಂದು ರಕ್ತ ಕುಡಿಯುತ್ತದೆ. ಮೂರು ಸಲವೂ ಹೊಟ್ಟೆ ತುಂಬಿದ ಮೇಲೆ ಕೆಳಗೆ ಬೀಳುತ್ತದೆ. ಉಳಿದ ಆಯಸ್ಸೆಲ್ಲ ಗೋಡೆಯ ಬಿರುಕಿನಲ್ಲಿ, ಬಾಗಿಲ ಚೌಕಟ್ಟಿನ ಸಂದಿಯಲ್ಲಿ, ಹಾಸಿದ ಗೋಣಿಚೀಲದ ಮಡಿಕೆಯಲ್ಲಿ. ರಕ್ತ ಕುಡಿದು ಉಬ್ಬಿದ ಒಂದು ಹೆಣ್ಣು ಸಾವಿರದಿಂದ ನಾಲ್ಕು ಸಾವಿರದವರೆಗೆ ಮೊಟ್ಟೆ ಇಡುತ್ತದೆ. ಬಲಿತ ಉಣುಗು ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ನಾಯಿಗೆ ಎಷ್ಟು ಸ್ನಾನ ಮಾಡಿಸಿದರೂ ಮಾರನೆಯ ರಾತ್ರಿ ಅದು ಹೋಗಿ ಮಲಗುವುದು ಅದೇ ಗೋಣಿಚೀಲದ ಮೇಲೆ ತಾನೆ?

ಒಂದು ಮನೆಯಲ್ಲಿ ಕಂಡದ್ದನ್ನು ಹೇಳುತ್ತೇನೆ. ಜಗಲಿಯ ಕಂಬಕ್ಕೆ ನಾಯಿ ಕಟ್ಟಿತ್ತು. ಮನೆಯಾಕೆ ಅದರ ಕಿವಿ ಹಿಡಿದು ಒಂದೊಂದೇ ಉಣುಗು ಕಿತ್ತು ಅಂಗಳಕ್ಕೆ ಎಸೆಯುತ್ತಿದ್ದರು. "ಯಾಕಮ್ಮ ಅಲ್ಲಿಗೆ ಎಸೀತೀರಾ?" ಎಂದರೆ, "ಬಿಸಿಲಿಗೆ ಸಾಯ್ತವೆ ಬಿಡಿ ಸಾರ್" ಎಂದರು. ಟಾರ್ಚ್ ತರಿಸಿ ನಾಯಿ ಒರಗುವ ಮಣ್ಣಿನ ಗೋಡೆಗೆ ಹಿಡಿದೆ. ನೆಲದಿಂದ ಮೊಣಕಾಲೆತ್ತರದಲ್ಲಿ ಸುಣ್ಣ ಬಿಟ್ಟುಕೊಂಡಿದ್ದ ಬಿರುಕು. ಬಿರುಕಿನ ಉದ್ದಕ್ಕೂ ಎಳ್ಳಿಗಿಂತ ಸಣ್ಣ ಮರಿಗಳು ಗೋಡೆಯ ಮೇಲ್ಮುಖವಾಗಿ ಹರಿಯುತ್ತಿದ್ದವು. ಒಳಗೆ ಕಡ್ಡಿ ಹಾಕಿ ಕೆದಕಿದಾಗ ಸುಕ್ಕುಗಟ್ಟಿದ ಹೆಣ್ಣುಗಳು, ಅವುಗಳ ಪಕ್ಕ ಕಂದು ಮೊಟ್ಟೆಯ ರಾಶಿ. ಅಂಗಳಕ್ಕೆ ಎಸೆದದ್ದು ಬಿಸಿಲಿಗೆ ಸಾಯುವುದಿಲ್ಲ, ನೆರಳು ಹುಡುಕಿಕೊಂಡು ಇಲ್ಲಿಗೇ ಬರುತ್ತದೆ.

ಆದ್ದರಿಂದ ಮೊದಲ ಕೆಲಸ ಗೋಡೆಯದು. ನಾಯಿ ಮಲಗುವ ಜಾಗ, ಕುರಿ ರೊಪ್ಪದ ಮೂಲೆ, ಮೋಟರ್ ಮನೆ, ಜಗಲಿಯ ಕೆಳಗು ಎಲ್ಲ ಗುಡಿಸಿ, ಕಸವನ್ನು ತಿಪ್ಪೆಗೆ ಹಾಕದೆ ಸುಡಿ. ಗೋಣಿಚೀಲವನ್ನೂ ಸುಟ್ಟುಬಿಡಿ. ಉಳಿಸಿಕೊಳ್ಳಲೇಬೇಕಾದರೆ ಹಂಡೆಯಲ್ಲಿ ಕುದಿಸಿ, ಬಿಸಿಲಿಗೆ ಹಾಕಿ, ಪ್ರತಿ ವಾರ ಹೀಗೇ ಮಾಡಿ. ಬಿರುಕುಗಳನ್ನು ಸಿಮೆಂಟಿನಿಂದಲೋ ಜೇಡಿಮಣ್ಣಿನಿಂದಲೋ ಮೆತ್ತಿ, ಮೇಲೆ ಸುಣ್ಣ ಬಳಿಯಿರಿ. ಸುಣ್ಣ ಪೂರ್ತಿ ಒಣಗುವವರೆಗೆ ನಾಯಿಯನ್ನು ಆ ಕಡೆ ಬಿಡಬೇಡಿ, ಅಂಗಾಲು ಸುಡುತ್ತದೆ.

ನಂತರ ಬೇವು. ಹತ್ತಿಗೆ, ತೊಗರಿಗೆ ಹೊಡೆಯುವ ಶೇ 5ರ ಬೇವಿನ ಬೀಜದ ಕಷಾಯ ಮಾಡುವುದು ನಿಮಗೆ ಗೊತ್ತೇ ಇದೆ. ಇಲ್ಲಿಯೂ ಅದೇ: ಅರ್ಧ ಕಿಲೋ ತಿರುಳನ್ನು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ನೀರಲ್ಲಿ ನೆನೆಸಿ, ಹಿಂಡಿ, ಸೋಸಿ, ಒಟ್ಟು 10 ಲೀಟರ್ ಮಾಡಿ 10 ಗ್ರಾಂ ಸೋಪಿನ ಪುಡಿ ಕಲಸಿ. ಅದೇ ದಿನ ಸಂಜೆ ಹೊಡೆದು ಮುಗಿಸಿ. ಬಿಸಿಲಿಗೆ ಬೇವಿನ ಸತ್ವ ಉಳಿಯುವುದಿಲ್ಲ, ಮಾರನೆಯ ದಿನಕ್ಕೆ ಇಟ್ಟ ಕಷಾಯ ಹೊಡೆದರೂ ಒಂದೇ, ಬಿಟ್ಟರೂ ಒಂದೇ. ಬರೀ ಗೋಡೆ ಒದ್ದೆಯಾದರೆ ಸಾಲದು, ಪಂಪಿನ ನಾಜಲ್ ಅನ್ನು ಸಂದಿಗೆ ಒತ್ತಿ ಹಿಡಿದು ಬಿರುಕಿನಿಂದ ನೀರು ಹೊರಗೆ ಸುರಿಯುವವರೆಗೆ ಹೊಡೆಯಿರಿ. ವಾರಕ್ಕೊಮ್ಮೆಯಂತೆ ಕನಿಷ್ಠ ಎಂಟು ವಾರ. ಎರಡು ವಾರ ಹೊಡೆದು "ಕಮ್ಮಿ ಆಯ್ತು" ಎಂದು ನಿಲ್ಲಿಸುವವರೇ ಹೆಚ್ಚು. ಮೊಟ್ಟೆ ಒಡೆಯುವುದಕ್ಕೇ ಮೂರು ನಾಲ್ಕು ವಾರ ಹಿಡಿಯಬಹುದು. ನೀವು ನಿಲ್ಲಿಸಿದ ಮೇಲೆ ಮರಿ ಹೊರಗೆ ಬರುತ್ತವೆ. ಬೇವು ಬಲಿತ ಉಣುಗನ್ನು ತಕ್ಷಣ ಕೊಲ್ಲುವ ವಿಷವಲ್ಲ. ಮರಿಯ ಬೆಳವಣಿಗೆ ಕೆಡಿಸುವುದು ಅದರ ಕೆಲಸ, ಆ ಕೆಲಸಕ್ಕೆ ಸಮಯ ಕೊಡಬೇಕು.

ಪಂಪಿನ ವಿಷಯ ಮರೆಯಬೇಡಿ. ನಿನ್ನೆ ಬೆಳೆಗೆ ಕೀಟನಾಶಕ ಹೊಡೆದ ಕ್ಯಾನಿನಲ್ಲೇ ಇವತ್ತು ಬೇವಿನ ಕಷಾಯ ತುಂಬಿ ನಾಯಿ ಮಲಗುವ ಜಾಗಕ್ಕೆ ಹೊಡೆದರೆ ನೀವು ಹೊಡೆದದ್ದು ಬೇವೊಂದನ್ನೇ ಅಲ್ಲ. ಸಣ್ಣ ಕೈಪಂಪು ಒಂದನ್ನು ಇದಕ್ಕೇ ಬೇರೆ ಇಟ್ಟುಕೊಳ್ಳಿ. ಅಂಗಳದಲ್ಲಿ ನಾಟಿ ಕೋಳಿ ಇದ್ದರೆ ಬೆಳಿಗ್ಗೆ ಆ ಜಾಗಕ್ಕೆ ಬಿಡಿ, ನೆಲಕ್ಕೆ ಬಿದ್ದ ಉಣುಗನ್ನು ಹೆಕ್ಕಿ ತಿನ್ನುತ್ತವೆ. ರಾಸಾಯನಿಕ ಹೊಡೆದ ಮನೆಯಲ್ಲಿ ಈ ಸಹಾಯ ಸಿಗುವುದಿಲ್ಲ.

ಈಗ ನಾಯಿಯ ಮೈ. ದಿನಕ್ಕೊಮ್ಮೆ ಕಿವಿಯೊಳಗೆ, ಕೊರಳ ಪಟ್ಟಿಯ ಕೆಳಗೆ, ಕಂಕುಳು, ತೊಡೆಸಂದಿ, ಬಾಲದ ಬುಡ, ಬೆರಳ ಸಂದಿ ನೋಡಿ. ಚಿಮಟದಲ್ಲಿ ಚರ್ಮಕ್ಕೆ ಅಂಟಿದ ಹಾಗೆ ಹಿಡಿದು ನೇರವಾಗಿ ಎಳೆಯಿರಿ. ಬೀಡಿಯಿಂದ ಸುಡುವುದು, ಸೀಮೆಎಣ್ಣೆ ಹಚ್ಚುವುದು ಬೇಡ. ಕಿತ್ತದ್ದನ್ನು ಸೋಪಿನ ನೀರು ತುಂಬಿದ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ. ಬೆರಳಲ್ಲಿ ಹಿಸುಕಬೇಡಿ, ಅದರ ಹೊಟ್ಟೆಯ ರಕ್ತದಲ್ಲಿ ರೋಗಾಣು ಇರಬಹುದು.

ಮೈಗೆ ಹಾಕುವ ಅಳತೆ: 1 ಲೀಟರ್ ಉಗುರುಬೆಚ್ಚಗಿನ ನೀರಿಗೆ 10 ಮಿಲಿ ಬೇವಿನೆಣ್ಣೆ, 5 ಮಿಲಿ ಮೆದು ಶಾಂಪೂ. ಎಣ್ಣೆ ಮತ್ತು ಶಾಂಪೂ ಮೊದಲು ಕಲಸಿ, ಬಿಳಿಯಾದ ಮೇಲೆ ನೀರು ಸ್ವಲ್ಪ ಸ್ವಲ್ಪವೇ ಸೇರಿಸಿ. ನೀರಿಗೆ ನೇರವಾಗಿ ಎಣ್ಣೆ ಸುರಿದರೆ ಎಣ್ಣೆ ಮೇಲೆ ತೇಲುತ್ತದೆ, ಒಂದು ಕಡೆ ಗಟ್ಟಿ ಎಣ್ಣೆ, ಇನ್ನೊಂದು ಕಡೆ ಬರೀ ನೀರು ಬೀಳುತ್ತದೆ. ಹಿಂದಿನ ದಿನ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಕೆಂಪಾಗುವುದೇ ನೋಡಿ. ಕಣ್ಣು, ಮೂಗು, ಗಾಯ ಬಿಟ್ಟು ಮೈಗೆಲ್ಲ ಉಜ್ಜಿ, ಹತ್ತು ನಿಮಿಷ ನೆಕ್ಕದ ಹಾಗೆ ಹಿಡಿದುಕೊಂಡು, ತೊಳೆದುಬಿಡಿ. ವಾರಕ್ಕೊಮ್ಮೆ ಸಾಕು. ಮೂರು ತಿಂಗಳೊಳಗಿನ ಮರಿಗೆ, ಗಬ್ಬದ ನಾಯಿಗೆ ಬೇಡ. 10 ಮಿಲಿ ಎಂದರೆ 10 ಮಿಲಿಯೇ. "ಜಾಸ್ತಿ ಹಾಕಿದ್ರೆ ಬೇಗ ಹೋಗುತ್ತೆ" ಎಂದು ಗಟ್ಟಿ ಎಣ್ಣೆ ಬಳಿದು, ಚರ್ಮ ಸುಲಿದು, ವಾಂತಿ ಮಾಡಿಕೊಳ್ಳುವ ನಾಯಿಯನ್ನು ಹೊತ್ತು ತರುವವರಿಗೆ ಏನು ಹೇಳಬೇಕು?

ಇನ್ನೊಂದು ಅವಾಂತರ ಇತ್ತೀಚೆಗೆ ಶುರುವಾಗಿದೆ. ದನಗಳ ಉಣುಗಿಗೆ ಬೆಳ್ಳುಳ್ಳಿ, ಬೇವು, ಬಜೆ, ಅರಿಶಿನ, ತುಳಸಿ, ಲಂಟಾನ ಎಲೆ ಅರೆದು ಹಚ್ಚುವ ಮನೆಮದ್ದು ಹಳ್ಳಿಗಳಲ್ಲಿ ಚೆನ್ನಾಗಿ ಹರಡಿದೆ. ದನಕ್ಕೆ ಹಚ್ಚಿ, ನನ್ನ ತಕರಾರಿಲ್ಲ. ಉಳಿದದ್ದನ್ನು ನಾಯಿಗೆ ಬಳಿಯಬೇಡಿ. ನಾಯಿ ಮೈ ನೆಕ್ಕಿಕೊಳ್ಳುವ ಪ್ರಾಣಿ. ಬೆಳ್ಳುಳ್ಳಿ, ಈರುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ, ಲಂಟಾನ ಲಿವರ್ ಕೆಡಿಸುತ್ತದೆ. ಉಣುಗಿನಿಂದ ಮೊದಲೇ ರಕ್ತ ಕಡಿಮೆಯಾದ ನಾಯಿಗೆ ಬೆಳ್ಳುಳ್ಳಿ ತಿನ್ನಿಸುವುದು ಎಂಥ ಚಿಕಿತ್ಸೆ?

ಬೆಳೆಯ ಕೀಟನಾಶಕವನ್ನು ನೀರಿಗೆ ಕಲಸಿ ನಾಯಿಗೆ ಸ್ನಾನ ಮಾಡಿಸುವವರು ಇನ್ನೂ ಇದ್ದಾರೆ. ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತವೆ. ಜೊಲ್ಲು ಸುರಿದು, ನಡುಗಿ, ಉಸಿರುಕಟ್ಟಿ ಸಾಯುತ್ತದೆ. ಇದಕ್ಕೆ ಅಳತೆ ಇಲ್ಲ, ಒಂದು ಹನಿಯೂ ಬೇಡ.

ಚಿಗಟಕ್ಕೂ ದಾರಿ ಇದೇ: ಹಾಸಿಗೆ ಕುದಿಸಿ, ನೆಲ ಗುಡಿಸಿ, ಬಿಸಿಲು ಬೀಳುವ ಹಾಗೆ ಮಾಡಿ. ಬಾಲದ ಕೆಳಗೆ ಅನ್ನದ ಅಗುಳಿನಂಥ ಬಿಳಿ ತುಣುಕು ಕಂಡರೆ ಚಿಗಟ ನುಂಗಿ ಲಾಡಿಹುಳು ಬಂದಿದೆ ಎಂದೇ ತಿಳಿಯಿರಿ. ಚಿಗಟ ಹೋಗದೆ ಆ ಹುಳು ಹೋಗುವುದಿಲ್ಲ.

ಜಂತುವಿಗೆ ಬರೋಣ. ಅಡಿಕೆ ಪುಡಿ ನುಂಗಿಸುವ ಪದ್ಧತಿ ಹಳೆಯದು, ಅದರಲ್ಲಿ ಸತ್ಯವೂ ಇದೆ. ಅಡಿಕೆಯ ಅರೆಕೋಲಿನ್ ಅನ್ನು ಪಶುವೈದ್ಯರೇ ಒಂದು ಕಾಲಕ್ಕೆ ನಾಯಿಯ ಲಾಡಿಹುಳು ಬೀಳಿಸಲು ಕೊಡುತ್ತಿದ್ದರು. ಈಗ ಕೊಡುವುದಿಲ್ಲ. ವಾಂತಿ, ಭೇದಿಯಲ್ಲಿ ನಾಯಿ ಹೈರಾಣಾಗುತ್ತದೆ, ಯಾವ ಅಡಿಕೆಯಲ್ಲಿ ಎಷ್ಟು ಅಂಶವಿದೆ ಎಂದು ಕೈಯಲ್ಲಿ ಹಿಡಿದು ಹೇಳಲಾಗುವುದಿಲ್ಲ. ಅಳತೆ ಗೊತ್ತಿಲ್ಲದ ಮದ್ದನ್ನು ನಾನು ಬರೆದುಕೊಡುವುದಿಲ್ಲ. ಪರಂಗಿ ಹಾಲು, ಹೊಗೆಸೊಪ್ಪಿನ ನೀರಿಗೂ ಇದೇ ಮಾತು.

ಜಂತುವಿನ ನಿಜವಾದ ಸಹಜ ತಡೆ ನಿಮ್ಮ ಕೈಯಲ್ಲೇ ಇದೆ. ಜಾತ್ರೆ, ಹಬ್ಬದಲ್ಲಿ ಕುರಿ ಕಡಿದಾಗ ಈಲಿ, ಶ್ವಾಸಕೋಶದಲ್ಲಿ ನೀರುಗುಳ್ಳೆ ಕಂಡರೆ ಕತ್ತರಿಸಿ ನಾಯಿಗೆ ಎಸೆಯುತ್ತೀರಿ. ಆ ಗುಳ್ಳೆಯೊಳಗೆ ಇರುವುದು ಲಾಡಿಹುಳುವಿನ ಮರಿ. ಸುಮಾರು ಆರು ವಾರ ಕಳೆದರೆ ನಾಯಿಯ ಮಲದಲ್ಲಿ ಅದರ ಮೊಟ್ಟೆ. ಆ ಮೊಟ್ಟೆ ಮೇವಿನ ಮೂಲಕ ಕುರಿಗೆ, ಸೊಪ್ಪು ತರಕಾರಿಯ ಮೂಲಕ ಮನುಷ್ಯರಿಗೆ ಬಂದು ಅವರ ಈಲಿಯಲ್ಲೂ ಅದೇ ಗುಳ್ಳೆ ಬೆಳೆಯುತ್ತದೆ. ಮಂದೆಯಲ್ಲಿ ಕುರಿ ತಲೆ ವಾಲಿಸಿ ಒಂದೇ ಕಡೆಗೆ ಸುತ್ತು ಹಾಕುತ್ತಿದ್ದರೆ ಅದಕ್ಕೂ ನಾಯಿಯ ಇನ್ನೊಂದು ಲಾಡಿಹುಳುವೇ ಕಾರಣವಿರಬಹುದು. ಅಂಥ ಕುರಿಯ ತಲೆಯನ್ನು ನಾಯಿಗೆ ಹಾಕಿದರೆ ಮುಂದಿನ ವರ್ಷದ ರೋಗವನ್ನು ನೀವೇ ಬಿತ್ತಿದ ಹಾಗೆ. ಹಸಿ ಈಲಿ, ಶ್ವಾಸಕೋಶ, ತಲೆ ಯಾವುದನ್ನೂ ನಾಯಿಗೆ ಹಾಕಬೇಡಿ. ಹಾಕುವುದಿದ್ದರೆ ಸಣ್ಣ ತುಂಡು ಮಾಡಿ ಕುದಿ ಬಂದ ಮೇಲೆ ಅರ್ಧ ಗಂಟೆ ಬೇಯಿಸಿ. ಇಲ್ಲವಾದರೆ ನಾಯಿ ಕೆದರಲಾಗದ ಆಳಕ್ಕೆ ಹೂಳಿ.

ಮಲವನ್ನು ದಿನವೂ ಎತ್ತಿ. ದುಂಡುಹುಳುವಿನ ಮೊಟ್ಟೆ ರೋಗ ತರುವಷ್ಟು ಬಲಿಯಲು ಎರಡು ಮೂರು ವಾರ ಬೇಕು, ಕೊಕ್ಕೆಹುಳುವಿನ ಮರಿಗೆ ಒದ್ದೆ ನೆಲದಲ್ಲಿ ಒಂದು ವಾರ ಸಾಕು. ದಿನವೂ ಎತ್ತಿದರೆ ಎರಡಕ್ಕೂ ಅವಕಾಶವಿಲ್ಲ. ಎತ್ತಿದ್ದನ್ನು ತಿಪ್ಪೆಗೆ ಹಾಕಬೇಡಿ, ಆ ಗೊಬ್ಬರ ನಾಳೆ ಕೊತ್ತಂಬರಿ ಮಡಿಗೆ ಹೋಗುತ್ತದೆ. ಬೇರೆ ಗುಂಡಿ ತೆಗೆದು ಹೂಳಿ.

ಇಷ್ಟರ ಮೇಲೂ ಮಾತ್ರೆ ಬೇಕು, ಅದನ್ನು ಮುಚ್ಚಿಡುವುದಿಲ್ಲ. ಪ್ರಾಜಿಕ್ವಾಂಟೆಲ್ 50, ಪೈರಾಂಟೆಲ್ 144, ಫೆಬಾಂಟೆಲ್ 150 ಮಿಲಿಗ್ರಾಂ ಸೇರಿದ ಮಾತ್ರೆ 10 ಕಿಲೋ ತೂಕಕ್ಕೆ ಒಂದು. 15 ಕಿಲೋ ನಾಯಿಗೆ ಒಂದೂವರೆ. ಕಣ್ಣಂದಾಜು ಬೇಡ, ಚೀಲದಲ್ಲಿ ಕೂರಿಸಿ ಕಾಟಾಕ್ಕೆ ನೇತುಹಾಕಿ ತೂಗಿ. ದೊಡ್ಡ ನಾಯಿಗೆ ಮೂರು ತಿಂಗಳಿಗೊಮ್ಮೆ. ಮಂದೆಯ ಜೊತೆ ತಿರುಗುವ ನಾಯಿಗೆ ಆರು ವಾರಕ್ಕೊಮ್ಮೆ ಪ್ರಾಜಿಕ್ವಾಂಟೆಲ್, ಕಿಲೋಗೆ 5 ಮಿಲಿಗ್ರಾಂ. ಮರಿಗೆ ಹುಟ್ಟಿದ ಎರಡನೇ ವಾರದಿಂದಲೇ ಪೈರಾಂಟೆಲ್ ದ್ರಾವಣ, ಕಿಲೋಗೆ 5 ಮಿಲಿಗ್ರಾಂ, ಎರಡು ವಾರಕ್ಕೊಮ್ಮೆ ಎಂಟನೇ ವಾರದವರೆಗೆ. ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ತಾಯಿಗೂ ಜೊತೆಯಲ್ಲೇ ಕೊಡಿ, ದುಂಡುಹುಳು ಗರ್ಭದಲ್ಲೇ ಮರಿಗೆ ದಾಟುತ್ತದೆ. ವರ್ಷಕ್ಕೊಮ್ಮೆ ಶಿಬಿರದಲ್ಲಿ ಹಂಚುವ ಮಾತ್ರೆಯನ್ನು ನಂಬಿ ಕೂರಬೇಡಿ, ಉಳಿದ ತಿಂಗಳುಗಳಲ್ಲಿ ಜಂತು ಮತ್ತೆ ಬರುತ್ತದೆ.

ಜ್ವರ ಬಂದ ಮೇಲೆ ಮಾತ್ರ ಬೇವಿನ ಮಾತು ಬೇಡ. ಒಸಡು ಬಿಳಿಚಿದ್ದರೆ, ಮೂಗಿನಲ್ಲಿ ರಕ್ತವಿದ್ದರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಅದೇ ದಿನ ಕರೆತನ್ನಿ. ಉಣುಗು ಹರಡುವ ಎರ್ಲಿಕಿಯಾ ರೋಗ ಎಂದು ಖಚಿತವಾದರೆ ಡಾಕ್ಸಿಸೈಕ್ಲಿನ್ ಕಿಲೋಗೆ 10 ಮಿಲಿಗ್ರಾಂ, ಊಟದ ಜೊತೆ, ದಿನವೂ, 28 ದಿನ. ಐದನೇ ದಿನ ನಾಯಿ ಎದ್ದು ಮುದ್ದೆ ತಿಂದಿತೆಂದು ನಿಲ್ಲಿಸಿದರೆ ರೋಗ ಒಳಗೇ ಉಳಿದು ಮತ್ತೆ ಎದ್ದೇಳುತ್ತದೆ, ಆಗ ಉಳಿಸುವುದು ಕಷ್ಟ. ಉಣುಗಿನಿಂದಲೇ ಬರುವ ಇನ್ನೊಂದು ರೋಗ ಬೇಬಿಸಿಯಾ ಆದರೆ ಮದ್ದೇ ಬೇರೆ, ರಕ್ತ ನೋಡದೆ ಹೇಳಲಾಗದು. ಬರುವಾಗ ಮೈಗೆ ಏನು ಹಚ್ಚಿದ್ದೀರಿ, ಹೊಟ್ಟೆಗೆ ಏನು ಕೊಟ್ಟಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ. ಬೆಳೆಯ ಔಷಧಿ ತಾಗಿದ್ದರೆ ಸೋಪು ಹಾಕಿ ಮೈ ಚೆನ್ನಾಗಿ ತೊಳೆದು, ಆ ಬಾಟಲಿಯನ್ನೂ ಜೊತೆಗೆ ತನ್ನಿ. ಅದರ ಮೇಲಿನ ಹೆಸರು ಓದಿಯೇ ಪ್ರತಿವಿಷ ಕೊಡಬೇಕಾಗುತ್ತದೆ.